ಮಾರ್ದನಿ ಉತ್ತರ: ‘ಹೌದು’ ಅನ್ನದೆ ಒಪ್ಪುವ ಭಾಷೆಗಳು

ಐರಿಷ್ ಭಾಷೆಯಲ್ಲಿ ‘ಹೌದು’, ‘ಇಲ್ಲ’ ಎಂಬ ಪದಗಳೇ ಇಲ್ಲ ಅನ್ನುವ ಮಾತನ್ನು ನೀವು ಕೇಳಿರಬಹುದು. ಕ್ಯಾಂಟನೀಸ್ ಬಗ್ಗೆಯೂ ಹೀಗೇ ಹೇಳುತ್ತಾರೆ. ಹೇಳುವವರ ದನಿಯಲ್ಲಿ ಒಂದು ‘ಅಯ್ಯೋ ಪಾಪ’ ಇರುತ್ತದೆ, ಆ ಭಾಷೆಗಳಲ್ಲಿ ಏನೋ ಕಮ್ಮಿ ಇದ್ದ ಹಾಗೆ. ಕಮ್ಮಿ ಏನೂ ಇಲ್ಲ. ಅವು ಉತ್ತರ ಕೊಡುವ ಬಗೆ ಬೇರೆ, ಅಷ್ಟೇ. ಪ್ರಶ್ನೆಯಲ್ಲಿ ಬಂದ ಕ್ರಿಯಾಪದವನ್ನೇ ಎತ್ತಿಕೊಂಡು ವಾಪಸ್ ಹೇಳುತ್ತವೆ. ಇದಕ್ಕೆ ಇಂಗ್ಲಿಷ್‌ನಲ್ಲಿ ‘ಎಕೋ ಆನ್ಸರ್’ ಎಂಬ ಹೆಸರಿದೆ. ಕನ್ನಡದಲ್ಲಿ ಮಾರ್ದನಿ ಉತ್ತರ ಅನ್ನೋಣ.

ನಮಗೆ ಇದು ಹೊಸದಲ್ಲ. “ಊಟ ಆಯ್ತಾ?” ಅಂದರೆ “ಆಯ್ತು” ಅನ್ನುತ್ತೇವೆ. “ನಾಳೆ ಬರ್ತೀಯಾ?” “ಬರ್ತೀನಿ.” ಇಲ್ಲಿ ಬರೀ “ಹೌದು” ಅಂದರೆ ತಪ್ಪೇನಲ್ಲ, ಆದರೆ ಮಾತು ಅರ್ಧಕ್ಕೇ ನಿಂತಂತೆ ಅನಿಸುತ್ತದೆ, ಅಲ್ವಾ?

ಈಗ ಕ್ಯಾಂಟನೀಸ್ ನೋಡಿ. ಹಾಂಗ್‌ಕಾಂಗ್, ಮಕಾವ್ ಮತ್ತು ಚೀನಾದ ಗ್ವಾಂಗ್‌ಡಾಂಗ್ ಕಡೆಯ ಮಾತು ಇದು. ಅಲ್ಲೂ ಎದುರು ಸಿಕ್ಕವರನ್ನು ಊಟದ ಬಗ್ಗೆ ಕೇಳಿಯೇ ಮಾತಾಡಿಸುವ ರೂಢಿ ಇದೆ: “ಸಿಕ್ ಚೋ ಫಾನ್ ಮೇಯ್?” ಅನ್ನ ತಿಂದಾಯಿತೋ, ಇನ್ನೂ ಇಲ್ಲವೋ ಎಂದು ಅರ್ಥ. ಆಗಿದ್ದರೆ ಉತ್ತರ “ಸಿಕ್ ಚೋ”, ಅಂದರೆ ತಿಂದಾಯಿತು. ಆಗಿಲ್ಲದಿದ್ದರೆ “ಮೇಯ್”, ಇನ್ನೂ ಇಲ್ಲ. ಎರಡು ಉತ್ತರವೂ ಪ್ರಶ್ನೆಯ ಒಳಗೇ ಇವೆ. ಬೇಕಾದ್ದನ್ನು ಆರಿಸಿಕೊಂಡರೆ ಸಾಕು.

ಬೇರೆ ಪ್ರಶ್ನೆಗಳಲ್ಲಿ ಇದು ಇನ್ನೂ ಸ್ಪಷ್ಟ. ಅರ್ಥ ಆಯಿತಾ ಎಂದು ಕೇಳಲು “ಮಿಂಗ್ ಮ್ ಮಿಂಗ್?” ಅನ್ನುತ್ತಾರೆ. ‘ಮಿಂಗ್’ ಅಂದರೆ ಅರ್ಥವಾಗು. ನಡುವಿನ ‘ಮ್’ ಅಲ್ಲಗಳೆಯುವ ಪದ. ಅದಕ್ಕೆ ಸ್ವರವೇ ಇಲ್ಲ, ತುಟಿ ಮುಚ್ಚಿಕೊಂಡೇ ಹೇಳುವ ದನಿ. ಉತ್ತರ “ಮಿಂಗ್” ಇಲ್ಲವೇ “ಮ್ ಮಿಂಗ್”. ನನಗೆ ತುಂಬಾ ಇಷ್ಟವಾದದ್ದು ‘ಚುಂಗ್‌ಯೀ’ ಎಂಬ ಪದ. ಇಷ್ಟಪಡು ಎಂದು ಅರ್ಥ. ಇದನ್ನು ಪ್ರಶ್ನೆ ಮಾಡುವಾಗ ಇಡೀ ಪದವನ್ನು ಎರಡು ಸಲ ಹೇಳುವುದಿಲ್ಲ. ಮೊದಲ ತುಂಡನ್ನು ಮಾತ್ರ ಮುರಿದು ಮುಂದಿಡುತ್ತಾರೆ: “ಚುಂಗ್ ಮ್ ಚುಂಗ್‌ಯೀ?” ಆದರೆ ಉತ್ತರದಲ್ಲಿ ಪದ ಮತ್ತೆ ಪೂರ್ತಿಯಾಗಿ “ಚುಂಗ್‌ಯೀ” ಎಂದೇ ಬರುತ್ತದೆ. ಬರೀ “ಚುಂಗ್” ಅಂದರೆ ನಡೆಯದು.

ಕ್ಯಾಂಟನೀಸ್‌ನಲ್ಲಿ ನಾನು, ನೀನು, ಅವರು ಯಾರೇ ಇರಲಿ, ಕ್ರಿಯಾಪದದ ರೂಪ ಒಂದೇ. ಹಾಗಾಗಿ ಮಾರ್ದನಿ ಇದ್ದದ್ದು ಇದ್ದಂತೆ ಬರುತ್ತದೆ. ಐರಿಷ್ ಹಾಗಲ್ಲ. ಅಲ್ಲಿ ಪದದ ತಲೆಯೂ ಬದಲಾಗುತ್ತದೆ, ಬಾಲವೂ ಬದಲಾಗುತ್ತದೆ. ನಿನಗೆ ಅರ್ಥವಾಗುತ್ತದೆಯೇ ಎಂಬುದಕ್ಕೆ “ಅನ್ ದಿಗನ್ ತೂ?” ಅನ್ನುತ್ತಾರೆ. ಆಗುತ್ತದೆ ಅನ್ನಲು “ತಿಗಿಮ್”. ಆಗುವುದಿಲ್ಲ ಅನ್ನಲು “ನೀ ಹಿಗಿಮ್”. ದಿಗನ್, ತಿಗಿಮ್, ಹಿಗಿಮ್ ಮೂರೂ ಒಂದೇ ಕ್ರಿಯಾಪದ. ಹಿಂದೆ ‘ಅನ್’ ಎಂಬ ಪ್ರಶ್ನೆಯ ಪದ ಬಂದರೆ ‘ತ’ ಹೋಗಿ ‘ದ’ ಆಗುತ್ತದೆ. ‘ನೀ’ ಎಂಬ ನಿಷೇಧದ ಪದ ಬಂದರೆ ‘ಹ’ ಆಗುತ್ತದೆ. ಉತ್ತರ ಕೊಡುವವರು ಪ್ರಶ್ನೆಯ ಪದವನ್ನು ಮೊದಲು ಮೂಲ ರೂಪಕ್ಕೆ ತಂದು, ಆಮೇಲೆ ತಮಗೆ ಹೊಂದಿಸಿಕೊಳ್ಳಬೇಕು. ಇನ್ನು ಕೊನೆಯ ‘ಇಮ್’ ಅನ್ನುವುದು ‘ನಾನು’ ಎಂಬುದನ್ನು ತನ್ನೊಳಗೇ ಇಟ್ಟುಕೊಂಡಿದೆ, ನಮ್ಮ “ಬರ್ತೀನಿ”ಯ ‘ನಿ’ ಹಾಗೆ. ಈ ವಿಷಯದಲ್ಲಿ ಕನ್ನಡ ಐರಿಷ್‌ಗೇ ಹತ್ತಿರ.

ಐರ್ಲೆಂಡ್‌ನ ಜನಮತಗಣನೆಯ ಮತಪತ್ರದಲ್ಲೂ ಇದನ್ನು ನೋಡಬಹುದು. 2015ರ ಮೇ 22ರಂದು ಸಲಿಂಗಿಗಳ ಮದುವೆಯ ಬಗ್ಗೆ ಮತ ಹಾಕಿದಾಗ ಚೀಟಿಯಲ್ಲಿ ಇಂಗ್ಲಿಷ್‌ನ ‘ಯೆಸ್’ ಜೊತೆ ‘ತಾ’, ‘ನೋ’ ಜೊತೆ ‘ನೀಲ್’ ಎಂದಿತ್ತು. ಇವು ‘ಯೆಸ್’, ‘ನೋ’ ಪದಗಳ ನೇರ ಅನುವಾದ ಅಲ್ಲ. ‘ತಾ’ ಅಂದರೆ ‘ಇದ್ದೇನೆ, ಇದೆ’. ‘ನೀಲ್’ ಅಂದರೆ ಅದೇ ಕ್ರಿಯಾಪದದ ನಿಷೇಧ ರೂಪ, ‘ಮನೆಯಲ್ಲಿ ಇಲ್ಲ’ ಅನ್ನುವಾಗಿನ ‘ಇಲ್ಲ’. ಪ್ರಶ್ನೆಯ ಐರಿಷ್ ರೂಪ ಶುರುವಾಗುವುದೇ “ಅನ್ ವಿಲ್ ತೂ” ಎಂದು, ಅಂದರೆ ‘ನೀನು ಇದ್ದೀಯಾ’. ಈ ಪ್ರಸ್ತಾವವನ್ನು ಒಪ್ಪುತ್ತಾ ಇದ್ದೀಯಾ ಎಂದು ಕೇಳಿದ್ದಕ್ಕೆ ಇದ್ದೇನೆ, ಇಲ್ಲ ಎಂಬ ಉತ್ತರಗಳು. ಚೀಟಿಯಲ್ಲೂ ವ್ಯಾಕರಣ ತಪ್ಪಿಲ್ಲ! ಅಲ್ಲಿನ ಸಂಸತ್ತಿನ ಕೆಳಮನೆಯಲ್ಲೂ ಮತಗಳನ್ನು ‘ತಾ’, ‘ನೀಲ್’ ಎಂದೇ ದಾಖಲಿಸುತ್ತಾರೆ. 2022ರ ಜನಗಣತಿಯಲ್ಲಿ ಐರಿಷ್ ಬರುತ್ತದೆ ಅಂದವರು ಸುಮಾರು 18.7 ಲಕ್ಷ. ಆದರೆ ಶಾಲೆ, ಕಾಲೇಜಿನ ಹೊರಗೆ ದಿನಾ ಮಾತಾಡುವವರು 72 ಸಾವಿರದಷ್ಟೇ. ಇಂಥ ಭಾಷೆಗೆ ಮತಪತ್ರದ ಆ ಒಂದು ಸಾಲು ಜಾಗವೂ ದೊಡ್ಡದೇ.

ಭಾಷೆ ಬಿಟ್ಟವರಿಗೂ ಈ ಅಭ್ಯಾಸ ಬಿಟ್ಟಿಲ್ಲ. 19ನೇ ಶತಮಾನದಲ್ಲಿ ಜನ ದೊಡ್ಡ ಸಂಖ್ಯೆಯಲ್ಲಿ ಐರಿಷ್ ಬಿಟ್ಟು ಇಂಗ್ಲಿಷ್‌ಗೆ ಹೋದರು. 1845ರಲ್ಲಿ ಶುರುವಾದ ಆಲೂಗಡ್ಡೆ ಬರ ಐರಿಷ್ ಮಾತಾಡುವ ಪಶ್ಚಿಮದ ಹಳ್ಳಿಗಳನ್ನೇ ಜಾಸ್ತಿ ಹೊಡೆಯಿತು. ಆದರೂ “ಆರ್ ಯು ಕಮಿಂಗ್?” ಅಂದರೆ ಅಲ್ಲಿನವರ ಇಂಗ್ಲಿಷ್‌ನಲ್ಲಿ ಇವತ್ತಿಗೂ “ಐ ಆಮ್” ಎಂಬ ಉತ್ತರ ಸಹಜ.

ಐರಿಷ್ ಇಂಡೋ-ಯುರೋಪಿಯನ್ ಕುಟುಂಬದ ಕೆಲ್ಟಿಕ್ ಕವಲಿನದು. ಕ್ಯಾಂಟನೀಸ್ ಸಿನೋ-ಟಿಬೆಟನ್, ನಮ್ಮದು ದ್ರಾವಿಡ. ಮೂರಕ್ಕೂ ನೆಂಟಸ್ತಿಕೆ ಇಲ್ಲ, ಮಾರ್ದನಿಯನ್ನು ಒಂದರಿಂದ ಒಂದು ಕಲಿತದ್ದೂ ಅಲ್ಲ. ವೆಲ್ಷ್, ಫಿನ್ನಿಷ್, ಪೋರ್ಚುಗೀಸ್ ಭಾಷೆಗಳಲ್ಲೂ ಇದೇ ರೂಢಿ ಇದೆ. ಹಾಗೆ ನೋಡಿದರೆ ನಮ್ಮ ‘ಹೌದು’ ಕೂಡ ‘ಆಗು’ ಧಾತುವಿನ ‘ಅಹುದು’ ಸವೆದು ಬಂದದ್ದು. ಕ್ಯಾಂಟನೀಸ್‌ನವರು ಹೌದು ಅನ್ನಲು ಬಳಸುವ ‘ಹೈ’ ಕೂಡ ‘ಅದು ಹೌದು, ಅದೇ’ ಎಂಬರ್ಥದ ಕ್ರಿಯಾಪದವೇ.

ಈ ರೂಢಿಯ ನಿಜವಾದ ಲಾಭ ಕಾಣುವುದು ಪ್ರಶ್ನೆಯೇ ನಿಷೇಧದಲ್ಲಿ ಬಂದಾಗ. “ಅರ್ಥ ಆಗ್ಲಿಲ್ವಾ?” ಎಂದು ಕೇಳಿದ್ದಕ್ಕೆ ಎದುರಿನವರು ಸುಮ್ನೆ “ಹೂಂ” ಅಂದರೆ ಏನು ತಿಳಿಯುವುದು? ಆಗಿದೆ ಅಂತಲೋ, ಆಗಿಲ್ಲ ಅಂತಲೋ? “ಆಯ್ತು” ಅಂದುಬಿಟ್ಟರೆ ಗೊಂದಲವೇ ಇಲ್ಲ. ಐರಿಷ್‌ನಲ್ಲಿ ಪ್ರಶ್ನೆ ಹೇಗೇ ತಿರುಗಲಿ, “ತಿಗಿಮ್” ಅಂದರೆ ಅರ್ಥವಾಗಿದೆ ಎಂದೇ. ಕ್ಯಾಂಟನೀಸ್‌ನಲ್ಲಿ ಮಾತ್ರ ಸ್ವಲ್ಪ ಹುಷಾರಾಗಿರಬೇಕು. “ನಿನಗೆ ಅರ್ಥವಾಗಲಿಲ್ಲವಾ?” ಎಂಬುದಕ್ಕೆ ಅವರು “ಹೈ ಆ” ಅಂದರೆ ‘ನೀವು ಹೇಳಿದ್ದು ಸರಿ, ಅರ್ಥವಾಗಲಿಲ್ಲ’ ಎಂದು ಅರ್ಥ. ಹಾಂಗ್‌ಕಾಂಗ್‌ನ ಗೆಳೆಯರು ಇಂಗ್ಲಿಷ್‌ನಲ್ಲಿ ಮಾತಾಡುವಾಗಲೂ ಈ ಲೆಕ್ಕ ಇಣುಕಬಹುದು. ಇಂಥ ಪ್ರಶ್ನೆಗೆ ಅವರು ‘ಯೆಸ್’ ಅಂದರೆ, ಅದರ ನಂತರ ಬರುವ ಕ್ರಿಯಾಪದ ಕೇಳುವ ತನಕ ತಡೆಯಿರಿ.