ಮಿರಗದ ಮಳಿ, ಹುಡ್ ಗಾಡಿ

ಮೇ ತಿಂಗಳ ಕೊನೆಗೆ, ಮಿರಗ ಅಂದರೆ ಮೃಗಶಿರಾ ಮಳೆ ಹತ್ತಿರ ಬಂದಾಗ, ಧಾರವಾಡದ ಡಾಕ್ಟರ್ ಸಾಹೇಬ್ರೊಬ್ಬರು ಹುಬ್ಬಳ್ಳಿಯ ನನ್ನ ಗ್ಯಾರೇಜಿಗೆ ಫೋನ್ ಮಾಡಿದರು. "ಮಿಸ್ತ್ರಿ, ಮಿರಗ ಕೂಡೂದ್ರಾಗ ಗಾಡಿಗೆ ತಾಡಪತ್ರಿ ಹೊಚ್ಚಿ ಕಟ್ಟಿ ಇಟ್ಟಬಿಡ್ಲೇನು?"

"ಬ್ಯಾಡ್ರಿ ಸಾಹೇಬ್ರ. ಅದಕ್ಕಿಂತ ಮಳ್ಯಾಗ ಬಿಟ್ಟರ ಚಲೋ ಇರ್ತದ" ಅಂದೆ. ಚಾಷ್ಟಿ ಮಾಡ್ತಾನ ಅಂದುಕೊಂಡು ನಕ್ಕರು.

ಅವರದು 1971ರ ಎಂಜಿಬಿ, ಎಂಜಿ ಕಂಪನಿಯ ಸ್ಪೋರ್ಟ್ಸ್ ಕಾರು. ಎರಡೇ ಸೀಟು, ಮೇಲೆ ಮಡಚುವ ಹುಡ್. 1962ರಿಂದ 1980ರವರೆಗೆ ಇಂಗ್ಲೆಂಡಿನ ಆಬಿಂಗ್ಡನ್‌ನಲ್ಲಿ ಐದು ಲಕ್ಷಕ್ಕೂ ಹೆಚ್ಚು ತಯಾರಾದ ಗಾಡಿ ಇದು. 1798 ಸಿಸಿ ಎಂಜಿನ್, ಪೆಟ್ರೋಲಿಗೆ ಗಾಳಿ ಬೆರೆಸಿ ಕೊಡುವ ಎಸ್‌ಯು ಕಾರ್ಬುರೇಟರ್ ಎರಡು. ಎಂಜಿನ್ ನಮ್ಮ ಹಳೇ ಅಂಬಾಸಡರ್ ಬಿಚ್ಚಿ ಕಟ್ಟಿದವರಿಗೆ ಅಪರಿಚಿತವೇನಲ್ಲ, ಅದೇ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಶನ್) ಬಿ-ಸೀರೀಸ್ ಮನೆತನದ್ದು. ಕಷ್ಟ ಇರುವುದು ತಗಡಿನಲ್ಲಿ.

ಈ ಗಾಡಿಗೆ ಕೆಳಗೆ ಭಾರ ಹೊರುವ ಬೇರೆ ಚೌಕಟ್ಟು, ಅಂದರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ತಲೆ ಮೇಲೆ ಗಟ್ಟಿ ತಗಡಿನ ಟಪ್ ಇದ್ದಿದ್ದರೆ ಭಾರದಲ್ಲಿ ಒಂದು ಪಾಲು ಅದು ಹೊರುತ್ತಿತ್ತು. ಇಲ್ಲಿ ಅದಿಲ್ಲ, ಹಾಗಾಗಿ ಬಾಗಿಲ ಕೆಳಗೆ ಉದ್ದಕ್ಕೆ ಹೋಗುವ ಪೆಟ್ಟಿಗೆಯಂಥ ತಗಡು, ಅಂದರೆ ಸಿಲ್, ಎಲ್ಲ ಭಾರ ಹೊರಬೇಕು. ಮನೆಗೆ ಹೊಸ್ತಿಲು ಹೋದರೆ ಎಡವುತ್ತೀವಿ ಅಷ್ಟೇ. ಈ ಗಾಡಿಗೆ ಹೊಸ್ತಿಲು ಹೋದರೆ ನಡುವೇ ಮುರಿಯುತ್ತದೆ. ಆ ಪೆಟ್ಟಿಗೆ ಒಳಗೆ ಟೊಳ್ಳು. ಹೊರಗೆ ಬಣ್ಣ ಮಿಂಚುತ್ತಿರುತ್ತದೆ, ಒಳಗಿನಿಂದ ತಿನ್ನುತ್ತ ಬರುತ್ತದೆ.

ತಾಡಪತ್ರಿಯ ಪಾಠ ನನಗೂ ಪುಕ್ಕಟೆ ಸಿಕ್ಕಿದ್ದಲ್ಲ. ಗ್ಯಾರೇಜು ಹೊಸದಾಗಿ ತೆಗೆದ ವರ್ಷ ಗಿರಾಕಿಯೊಬ್ಬರ ಓಪನ್ ಗಾಡಿ ತೊಳೆದು, ಮೇಲೆ ಪ್ಲಾಸ್ಟಿಕ್ ತಾಡಪತ್ರಿ ಹೊಚ್ಚಿ, ಗಾಳಿ ಆಡದಂಗ ಹಗ್ಗ ಬಿಗಿದು ಹಿತ್ತಲಲ್ಲಿ ನಿಲ್ಲಿಸಿದ್ದೆ. ಕೆಳಗೆ ಬರೇ ಎರಿ ಮಣ್ಣು, ಅಂದರೆ ಕಪ್ಪು ಮಣ್ಣು. ಶ್ರಾವಣ ಕಳೆದು ಬಿಚ್ಚಿದರೆ ಒಳಗಿನಿಂದ ಹಳೇ ಚಪ್ಪಲಿ ವಾಸನೆ ಬಂತು. ಸೀಟಿನ ಮೇಲೆ ಹಸಿರು ಬೂಸ್ಟು, ಬ್ರೇಕ್ ಡ್ರಮ್ಮು ಕಚ್ಚಿಕೊಂಡಿತ್ತು, ಕಾರ್ಪೆಟ್ ಎತ್ತಿದರೆ ತಗಡು ಹಪ್ಪಳದಂತೆ ಕೈಗೆ ಬಂತು. ಒಂದು ಹನಿ ಮಳೆಯೂ ಆ ಗಾಡಿಗೆ ತಾಗಿರಲಿಲ್ಲ. ನೆಲದ ಹಸಿ ಮೇಲೇರಿ, ತಾಡಪತ್ರಿಗೆ ಬಡಿದು, ರಾತ್ರಿ ತಣ್ಣಗಾಗಿ ಹನಿಯಾಗಿ ಅದರ ಮೇಲೇ ಸುರಿದಿತ್ತು.

ಮಲೆನಾಡಿನವರಿಗೆ ಮಳೆ ಹೊಸದಲ್ಲ. ನಮ್ಮ ಕಡೆಯದು ಬೇರೆ ತರಹ. ಏಪ್ರಿಲ್‌ನಲ್ಲಿ ಪಾರಾ 40ರ ಹತ್ತಿರ, ಸಂಜೆಗೆ ಒಮ್ಮೆಲೆ ಆಲಿಕಲ್ಲು. ಜೂನ್ ನಂತರ ಧಾರವಾಡದಲ್ಲಿ ದಿನಗಟ್ಟಲೆ ಜಿಟಿಜಿಟಿ, ಅದೇ ಹೊತ್ತಿಗೆ ನವಲಗುಂದದ ಕಡೆ ಹೋದರೆ ಬಿಸಿಲು. ಒಣಗಿದ ರಬ್ಬರು ಬಿರಿದಿರುತ್ತದೆ, ಆ ಬಿರುಕಿಗೆ ನೀರು ಇಳಿಯುತ್ತದೆ. ಬರೀ ಸೆಕೆಗೋ ಬರೀ ಮಳೆಗೋ ಗಾಡಿ ತಡೆದುಕೊಂಡೀತು. ಒಂದರ ಬೆನ್ನಿಗೆ ಒಂದು ಬಂದಾಗಲೇ ಸೋಲುವುದು. ಅಣ್ಣಿಗೇರಿ, ಗದಗ ರಸ್ತೆಯ ಎರಿ ಮಣ್ಣಂತೂ ಗಾಲಿಯ ಮೇಲಿನ ಕಮಾನಿನಲ್ಲಿ ಮೆತ್ತಿಕೊಂಡು ವಾರಗಟ್ಟಲೆ ಹಸಿ ಹಿಡಿದಿಡುತ್ತದೆ. ತೊಳೆಯುವಾಗ ಮೇಲಿನ ಬಣ್ಣಕ್ಕೆ ಶಾಂಪೂ ಹಾಕಿ ಉಜ್ಜುತ್ತಾರೆ, ಕಮಾನಿನೊಳಗೆ ಪೈಪು ಹಿಡಿಯುವವರು ಕಡಿಮೆ.

ನೀರು ಬರದಂತೆ ಮಾಡುವುದು ಈ ಗಾಡಿಯಲ್ಲಿ ಆಗದ ಮಾತು. ಕಟ್ಟಿದವರೂ ಹಾಗೆ ಅಂದುಕೊಂಡಿರಲಿಲ್ಲ, ಅದಕ್ಕೇ ಹೊರಗೆ ಹೋಗಲು ದಾರಿ ಇಟ್ಟಿದ್ದಾರೆ. ಬಾಗಿಲ ತಳದಲ್ಲಿ ಸಣ್ಣ ತೂತುಗಳಿವೆ. ಗಾಜಿನ ಮುಂದೆ ಗಾಳಿ ಹೋಗುವ ಜಾಲರಿಯ ಕೆಳಗೆ ಒಂದು ರಬ್ಬರ್ ನಳಿಗೆ ಇದೆ. ಅಲ್ಲಿ ಬೇವಿನೆಲೆ ತುಂಬಿದರೆ ನೀರು ನೇರ ನಿಮ್ಮ ಕಾಲ ಬುಡಕ್ಕೆ. ಹಳೇ ಸೈಕಲ್ ಕಡ್ಡಿ ಒಂದು ಇಟ್ಟುಕೊಳ್ಳಿ, ತಿಂಗಳಿಗೊಮ್ಮೆ ಆ ತೂತುಗಳಲ್ಲಿ ಆಡಿಸಿ. ಐದು ನಿಮಿಷದ ಕೆಲಸ. ನಾನು ಮಾಡುವ ದುಬಾರಿ ರಿಪೇರಿಗಳಲ್ಲಿ ಅರ್ಧ ಈ ಕಡ್ಡಿಯಿಂದ ತಪ್ಪುತ್ತಿದ್ದವು. ಪೆಟ್ರೋಲ್ ಟಾಕಿಯೂ ಇದರಲ್ಲಿ ಕೆಳಗಿನಿಂದ ತುಕ್ಕು ಹಿಡಿಯುವುದಿಲ್ಲ; ಡಿಕ್ಕಿಯ ತಳಕ್ಕೂ ಟಾಕಿಯ ನೆತ್ತಿಗೂ ನಡುವೆ ಸೇರಿದ ಹಸಿ ಮಣ್ಣು ಮೇಲಿನಿಂದ ತಿನ್ನುತ್ತದೆ.

ಹುಡ್ ಹಸಿ ಇದ್ದಾಗ ಮಡಚಬೇಡಿ. ಹಿಂದಿನ ಪ್ಲಾಸ್ಟಿಕ್ ಕಿಟಕಿಯ ನಡುವೆ ಹತ್ತಿ ಬಟ್ಟೆ ಇಟ್ಟು ಮಡಚಿ. ಹೊಸ ಹುಡ್ ಪರದೇಶದಿಂದ ತರಿಸುವ ಮೊದಲು, ಜೀಪಿಗೆ ಹುಡ್ ಹೊಲಿಯುವವರನ್ನು ಒಮ್ಮೆ ಕೇಳಿ ನೋಡಿ. ನಮ್ಮ ಮಳೆ ಅವರಿಗೆ ಗೊತ್ತು.

ಸೆಕೆಯ ಮಾತು. ಹುಬ್ಬಳ್ಳಿ ಸಮುದ್ರಮಟ್ಟದಿಂದ ಸುಮಾರು 670 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು 98 ಡಿಗ್ರಿಗೇ ಕುದಿಯುತ್ತದೆ. ರೇಡಿಯೇಟರ್ ಕ್ಯಾಪು ಒತ್ತಡ ಹಿಡಿಯದಿದ್ದರೆ ಗಾಡಿ ಕುದಿಯಲು ಅಷ್ಟೇ ಸಾಕು. ಬೋರಿನ ನೀರು ಹಾಕಿದರೆ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪದರವೇ ರೇಡಿಯೇಟರ್ ನಳಿಗೆಗಳಲ್ಲೂ ಕಟ್ಟುತ್ತದೆ. ಡಿಸ್ಟಿಲ್ಡ್ ವಾಟರ್‌ಗೆ ಮೂರನೇ ಒಂದು ಪಾಲು ಕೂಲಂಟ್ ಸಾಕು. ಅರ್ಧಕ್ಕರ್ಧ ಹಾಕುವುದು ಹಿಮ ಬೀಳುವ ದೇಶದ ಲೆಕ್ಕ. ಕೂಲಂಟ್ ಹೆಚ್ಚಾದಷ್ಟೂ ಸೆಕೆ ಹೊರುವ ಶಕ್ತಿ ಕಡಿಮೆ.

ಡಾಕ್ಟರ್ ಸಾಹೇಬ್ರು ಏಪ್ರಿಲ್‌ನಲ್ಲಿ ಒಮ್ಮೆ ನವನಗರದಲ್ಲಿ ಚಾ ಕುಡಿದು ಬಂದು ಚಾವಿ ತಿರುಗಿಸಿದರೆ ಸ್ಟಾರ್ಟೇ ಇಲ್ಲ. ಪಕ್ಕದಲ್ಲಿ ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನವರೆಲ್ಲ ಕಿಟಕಿಯಿಂದ ಇಣುಕಿ ನೋಡುತ್ತಿದ್ದರಂತೆ. ಈ ಎಂಜಿನ್ನಿನಲ್ಲಿ ಕಾರ್ಬುರೇಟರೂ, ಬಿಸಿ ಹೊಗೆ ಹೊರಗೆ ಒಯ್ಯುವ ಸೈಲೆನ್ಸರ್ ಮ್ಯಾನಿಫೋಲ್ಡೂ ಒಂದೇ ಬದಿಗೆ ಇವೆ. ಓಡುವಾಗ ಗಾಳಿ ಬೀಸುತ್ತದೆ, ನಿಂತ ಮೇಲೆ ಝಳ ಮೇಲೇರಿ ಕಾರ್ಬುರೇಟರಿನ ಬಟ್ಟಲು, ಅಂದರೆ ಬೌಲ್‌ನಲ್ಲಿನ ಪೆಟ್ರೋಲ್ ಕುದಿದು ಆವಿಯಾಗುತ್ತದೆ. ಬಾನೆಟ್ ಎತ್ತಿ ಹತ್ತು ನಿಮಿಷ ಬಿಡಿ, ಬೌಲ್ ಮೇಲೆ ಒದ್ದಿ ಅರಿವೆ ಇಡಿ. ಚೋಕ್ ಮಾತ್ರ ಎಳೆಯಬೇಡಿ.

2023ರಿಂದ ಬಂಕಿಗೆ ಬಂದ ಶೇ. 20 ಎಥೆನಾಲ್ ಪೆಟ್ರೋಲ್ ಇದಕ್ಕೆ ಇನ್ನೊಂದು ತಲೆನೋವು ಸೇರಿಸಿದೆ. ಎಥೆನಾಲಿನಿಂದ ಕಬ್ಬಿಗೆ ಬೆಲೆ ಸಿಗಲಿ, ಬೇಡ ಅನ್ನುವುದಿಲ್ಲ. ಆದರೆ ಎಥೆನಾಲ್ ಹಳೇ ರಬ್ಬರ್ ಪೈಪನ್ನು ಮೆತ್ತಗೆ ಮಾಡುತ್ತದೆ, ಗಾಳಿಯ ಹಸಿಯನ್ನೂ ಎಳೆದುಕೊಳ್ಳುತ್ತದೆ. ಅರ್ಧ ಟಾಕಿ ಇಟ್ಟು ಮಳೆಗಾಲ ನಿಲ್ಲಿಸಿದರೆ ನೀರು ಕೂಡಿದ ಎಥೆನಾಲ್ ಬೇರ್ಪಟ್ಟು ತಳಕ್ಕೆ ಕೂಡುತ್ತದೆ. ಪೈಪೆಲ್ಲ ಹೊಸದು ಹಾಕಿಸಿ, ಟಾಕಿ ಖಾಲಿಯಾದರೂ ಮಾಡಿ, ತುಂಬಿಯಾದರೂ ಇಡಿ. ನನ್ನ ಸಲಹೆ ಕೇಳಿದರೆ, ನಿಲ್ಲಿಸಲೇಬೇಡಿ. ಮಳೆ ಬಿಡುವು ಕೊಟ್ಟ ದಿನ ಕಲಘಟಗಿವರೆಗೆ ಹೋಗಿ ಬಂದರೆ ಎಂಜಿನ್ ಪೂರಾ ಬಿಸಿಯಾಗಿ ಒಳಗಿನ ಹಸಿ ಹಾರುತ್ತದೆ.

ಆದರೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಮಾಡಿಸಿ ವಿಎ ಅಕ್ಷರದ ನಂಬರ್ ಬೋರ್ಡ್ ಪಡೆದವರು ಹೀಗೆ ಸುತ್ತಲು ಬರುವುದಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್, ರಿಪೇರಿಗಷ್ಟೇ. ಬೋರ್ಡಿನ ಚಂದಕ್ಕೆ ಮರುಳಾಗುವ ಮೊದಲು ಇದನ್ನು ನೋಡಿಕೊಳ್ಳಿ.

ಡಾಕ್ಟರ್ ಸಾಹೇಬ್ರು ಕೊನೆಗೆ ಗಾಡಿ ನನ್ನಲ್ಲಿಗೇ ತಂದರು. ಫರ್ಶಿ ಹಾಸಿದ ಶೆಡ್ಡಿನಲ್ಲಿ, ಹತ್ತಿ ಹೊದಿಕೆ ಹಾಕಿ, ಕಿಟಕಿ ಎರಡು ಬೆರಳು ಇಳಿಸಿ ನಿಲ್ಲಿಸಿದೆ. ನಿಲ್ಲಿಸುವ ಮೊದಲು ಬಾಗಿಲ ಸಂದು ಅಳೆದು, ಜಾಕ್ ಎತ್ತಿ ಮತ್ತೆ ಅಳೆದೆ. ಬಲಗಡೆ ಸಂದು ಬದಲಾಯಿತು. ಬದಲಾಯಿತು ಅಂದರೆ ಸಿಲ್ ಹೋಗಿದೆ ಅಂತಲೇ ಅರ್ಥ. "ಕರಿ ಕೋಟಿಂಗ್ ಹೊಡದಬಿಡ್ರಿ ಮಿಸ್ತ್ರಿ" ಅಂದರು. ತುಕ್ಕಿನ ಮೇಲೆ ಕರಿ ಕೋಟಿಂಗ್ ಹೊಡೆಯುವುದು ಗಾಯ ತೊಳೆಯದೆ ಪಟ್ಟಿ ಕಟ್ಟಿದಂಗ. ಡಾಕ್ಟರಿಗೆ ಇದನ್ನು ನಾನು ಹೇಳಬೇಕಾಯಿತು. ಟಿಂಕರ್ ಬಾಗಿಲ ಚೌಕಟ್ಟಿಗೆ ಅಡ್ಡ ಕಬ್ಬಿಣ ವೆಲ್ಡ್ ಮಾಡಿ, ಆಮೇಲೆ ಸಿಲ್ ಕೊಯ್ಯುತ್ತಾನೆ. ತಗಡು ಬರಬೇಕು. ದಸರೆಯೊಳಗೆ ಆಗುತ್ತದೆ ಅಂದಿದ್ದೇನೆ, ಅವರು ಯಾವ ವರ್ಷದ ದಸರೆ ಅಂತ ಕೇಳಿದ್ದಾರೆ.