ಮೊದಲು ನೀರು, ಆಮೇಲೆ ಹಗ್ಗ, ಕೊನೆಗೆ ಬೆಂಕಿ

ಶಾಲೆಯ ಸ್ಕೌಟ್ಸ್ ದಳಕ್ಕೋ ಊರಿನ ಯುವಕ ಸಂಘದ ಹುಡುಗರಿಗೋ ಹೊರಾಂಗಣ ಕೌಶಲ ಹೇಳಿಕೊಡುತ್ತೇನೆಂದು ಮುಂದೆ ಬರುವವರ ಕೈಯಲ್ಲಿ ಸಾಮಾನ್ಯವಾಗಿ ಒಂದು ಪಟ್ಟಿ ಇರುತ್ತದೆ: ಬೆಂಕಿ ಹೊತ್ತಿಸುವುದು, ಡೇರೆ ಹಾಕುವುದು, ಬಂಡೆ ಹತ್ತುವುದು. ಈ ಪಟ್ಟಿ ಹುಟ್ಟಿದ್ದು ಚಳಿ ಮಳೆಯ ನಾಡಿನಲ್ಲಿ. ಅಲ್ಲಿ ತೊಯ್ದು ನಡುಗುವವನ ಜೀವ ಉಳಿಸುವುದು ಬೆಂಕಿ. ಚಿತ್ರದುರ್ಗ, ದಾವಣಗೆರೆಯ ಬಯಲಿನಲ್ಲಿ ಮಕ್ಕಳು ಬೀಳುವುದು ಬಿಸಿಲಿಗೆ, ಕಾಡು ಸುಡುವುದು ಅಜಾಗರೂಕ ಬೆಂಕಿಗೆ. ಹಾಗಾಗಿ ಇಲ್ಲಿ ಪಾಠದ ಕ್ರಮವನ್ನೇ ತಿರುಗಿಸಬೇಕು.

ಪಾಠಕ್ಕೆ ಮುಂಚೆ ಕಾಗದಪತ್ರ. ಪಾಲಕರ ಒಪ್ಪಿಗೆ ಪತ್ರದಲ್ಲಿ ಸಹಿಗಿಂತ ಮುಖ್ಯವಾದದ್ದು ಕೆಳಗಿನ ನಾಲ್ಕು ಸಾಲು: ಆಸ್ತಮಾ ಇದೆಯೇ, ಫಿಟ್ಸ್ ಬರುತ್ತದೆಯೇ, ಜೇನು ಕಚ್ಚಿದರೆ ಮೈ ಊದುತ್ತದೆಯೇ, ದಿನಾ ನುಂಗುವ ಮಾತ್ರೆ ಯಾವುದು. ಹೊರಗೆ ಹೋದಾಗಲೆಲ್ಲ ಕನಿಷ್ಠ ಇಬ್ಬರು ದೊಡ್ಡವರು ಜೊತೆಗಿರಬೇಕು. ಹೆಣ್ಣುಮಕ್ಕಳಿದ್ದರೆ ಅವರಲ್ಲೊಬ್ಬರು ಮಹಿಳೆ. ಒಬ್ಬ ಸ್ವಯಂಸೇವಕ ಒಂದೇ ಮಗುವಿನ ಜೊತೆ ಕಣ್ಣಿಗೆ ಮರೆಯಾಗಿ ಇರಬಾರದು ಎಂಬುದನ್ನು ಮೊದಲ ದಿನವೇ ಎಲ್ಲರ ಎದುರು ಹೇಳಿಬಿಡಿ. ಅದರಲ್ಲಿ ಮುಜುಗರಪಡುವಂಥದ್ದೇನೂ ಇಲ್ಲ. ಈ ಕೆಲಸವನ್ನು ಗಂಭೀರವಾಗಿ ಹಿಡಿಯುವವರಿಗೆ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್‌ನಲ್ಲಿ ಬೇಸಿಕ್ ಕೋರ್ಸ್, ಅಡ್ವಾನ್ಸ್ಡ್ ಕೋರ್ಸ್, ಹಿಮಾಲಯ ವುಡ್ ಬ್ಯಾಡ್ಜ್ ಎಂಬ ಮೆಟ್ಟಿಲುಗಳಿವೆ. ದಾವಣಗೆರೆಯವರಿಗೆ ಕೊಂಡಜ್ಜಿ ಕೆರೆಯ ಪಕ್ಕದ ಸ್ಕೌಟ್ಸ್ ತರಬೇತಿ ಕೇಂದ್ರ ಮನೆ ಬಾಗಿಲಲ್ಲೇ ಇದ್ದಂತೆ.

ಇನ್ನು ನೀರು. ನವೆಂಬರ್‌ನಿಂದ ಫೆಬ್ರುವರಿ ಮೊದಲ ವಾರದವರೆಗೆ ಅರ್ಧ ದಿನದ ನಡಿಗೆಗೆ ಮಗುವಿಗೆ ಎರಡು ಲೀಟರ್; ಫೆಬ್ರುವರಿ ಕೊನೆಗೆ ಮೂರು. ಮಾರ್ಚ್ ಬಂತೆಂದರೆ ಪರೀಕ್ಷೆಯೂ ಬಂತು, ಬಿಸಿಲೂ ಬಂತು. ಬೆಟ್ಟದ ಸಹವಾಸ ಬಿಟ್ಟು ಮರದಡಿಯ ಪಾಠಕ್ಕೆ ಇಳಿಯಿರಿ. ಬಾಟಲಿ ಇದ್ದರೆ ಸಾಲದು, ಕುಡಿಸಬೇಕು. ಆಟದ ಗುಂಗಿನಲ್ಲಿರುವ ಹುಡುಗ ತಾನಾಗಿ ಕುಡಿಯುವುದಿಲ್ಲ. ಹೆಣ್ಣುಮಕ್ಕಳು ಶೌಚಾಲಯ ಇಲ್ಲವೆಂದು ಬೇಕಂತಲೇ ಕುಡಿಯುವುದಿಲ್ಲ. ಇದನ್ನು ಗಮನಿಸದ ಶಿಬಿರಗಳೇ ಹೆಚ್ಚು. ಇಪ್ಪತ್ತು ನಿಮಿಷಕ್ಕೊಮ್ಮೆ ಸೀಟಿ ಊದಿ, ಎಲ್ಲರೂ ನಾಲ್ಕು ಗುಟುಕು ಕುಡಿದ ಮೇಲೆಯೇ ಹೆಜ್ಜೆ ಮುಂದಿಡುವ ನಿಯಮ ಮಾಡಿ. ದಾರಿಯಲ್ಲಿ ಶೌಚಕ್ಕೆ ಎಲ್ಲಿ ನಿಲ್ಲುತ್ತೀರೆಂದು ಹೊರಡುವಾಗಲೇ ಹೇಳಿ. ಮೂತ್ರ ಕಡುಹಳದಿಯಾದರೆ ನೀರು ಸಾಲದಾಗಿದೆ ಎಂಬುದನ್ನು ಮಕ್ಕಳಿಗೆ ಹೇಳಿಕೊಟ್ಟರೆ ನಗುತ್ತಾರೆ, ಆದರೆ ಮರೆಯುವುದಿಲ್ಲ.

ಓಆರ್‌ಎಸ್ ಕಲಸುವುದೂ ಒಂದು ಪಾಠವೇ. ದೊಡ್ಡ ಪೊಟ್ಟಣ ಪೂರ್ತಿಯಾಗಿ ಒಂದು ಲೀಟರ್ ನೀರಿಗೆ, ಚಿಕ್ಕದು 200 ಮಿಲಿಲೀಟರಿಗೆ. ದೊಡ್ಡ ಪೊಟ್ಟಣವನ್ನು ಅರ್ಧ ಬಾಟಲಿಗೆ ಸುರಿದರೆ ಉಪ್ಪು ಜಾಸ್ತಿಯಾಗಿ ಒಳ್ಳೆಯದಕ್ಕಿಂತ ಕೆಟ್ಟದ್ದೇ ಆಗುತ್ತದೆ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ತಲೆನೋವು, ವಾಕರಿಕೆ, ಮೀನಖಂಡ ಹಿಡಿದುಕೊಳ್ಳುವುದು ಕಂಡರೆ ನೆರಳಿಗೆ ಕರೆದು ಕೂರಿಸಿ, ಕುಡಿಸಿ. ಮಗು ತಡಬಡ ಮಾತಾಡತೊಡಗಿತು, ಮೈ ಕಾದ ಹೆಂಚಾಯಿತು ಎಂದರೆ ಮಾತು ಬೇರೆ: ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಸುರಿದು ಬೀಸುತ್ತಲೇ 108ಕ್ಕೆ ಕರೆ ಮಾಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು.

ಹಗ್ಗದ ಪಾಠಕ್ಕೆ ಮಗುವಿಗೊಂದರಂತೆ ಎರಡು ಮೀಟರ್ ಉದ್ದ, 8 ಮಿಲಿಮೀಟರ್ ದಪ್ಪದ ಹತ್ತಿ ಹಗ್ಗ ಕೊಡಿ. ಅಗ್ಗವೆಂದು ಪ್ಲಾಸ್ಟಿಕ್ ಹಗ್ಗ ತಂದರೆ ಗಂಟು ಸರಿಯಾಗಿ ಹಾಕಿದರೂ ಜಾರುತ್ತದೆ, ಮಗು ತನ್ನದೇ ತಪ್ಪೆಂದುಕೊಳ್ಳುತ್ತದೆ. ತುದಿಗಳಿಗೆ ದಾರ ಸುತ್ತಿ ಬಿಗಿಯಿರಿ. ಇಲ್ಲವಾದರೆ ಎರಡನೇ ವಾರಕ್ಕೆ ಎಳೆ ಬಿಚ್ಚಿಕೊಳ್ಳುತ್ತದೆ. ಒಂದು ತುದಿಗೆ ಕೆಂಪು ಬಣ್ಣ ಅದ್ದಿ ಒಣಗಿಸಿ. ಈ ಬಣ್ಣ ಅರ್ಧ ಮೇಷ್ಟರ ಕೆಲಸ ಮಾಡುತ್ತದೆ.

ಗಂಟು ಕಲಿಸುವಾಗ ಬಹುತೇಕರು ಎಡವುವುದು ನಿಲ್ಲುವ ಜಾಗದಲ್ಲಿ. ಮಕ್ಕಳ ಎದುರು ನಿಂತು ತೋರಿಸಿದರೆ ನಿಮ್ಮ ಬಲ ಅವರ ಕಣ್ಣಿಗೆ ಎಡ. ಬೆನ್ನು ತಿರುಗಿಸಿ ಕೂತು, ಅವರು ನಿಮ್ಮ ಹೆಗಲ ಮೇಲಿಂದ ನೋಡುವಂತೆ ಮಾಡಿ. ಮೊದಲ ಸಲ ಮಾತಿಲ್ಲದೆ ನಿಧಾನವಾಗಿ ಹಾಕಿ ತೋರಿಸಿ, ಎರಡನೇ ಸಲ ಹೇಳುತ್ತಾ. ಆಮೇಲೆ ಬಾಯಿ ಮುಚ್ಚಿಕೊಂಡು ಇಪ್ಪತ್ತೈದು ನಿಮಿಷ ಅವರ ಕೈಗೆ ಬಿಡಿ. ಎರಡು ತುದಿಗಳನ್ನು ಜೋಡಿಸುವ ರೀಫ್ ನಾಟ್‌ನಲ್ಲಿ ಕೆಂಪು ತುದಿ ಮೊದಲು ಮೇಲೆ ಹೋಗುತ್ತದೆ. ಎರಡನೇ ಸುತ್ತಿನಲ್ಲೂ ಅದೇ ಕೆಂಪು ತುದಿಯೇ ಮೇಲಿರಬೇಕು. ತಪ್ಪಿದ್ದರೆ ನೋಡಿದ ತಕ್ಷಣ ತಿಳಿಯುತ್ತದೆ: ಸರಿಯಾದ ಗಂಟಿನಲ್ಲಿ ತುದಿಗಳು ಹಗ್ಗಕ್ಕೆ ಸಮನಾಗಿ ಮಲಗುತ್ತವೆ, ತಪ್ಪಿದ್ದರಲ್ಲಿ ಅಡ್ಡ ಚಾಚುತ್ತವೆ. ಸರಿಯಾಗಿ ಬಿದ್ದರೂ ರೀಫ್ ನಾಟ್ ಬ್ಯಾಂಡೇಜಿಗೆ, ಗಂಟುಮೂಟೆಗೆ ಮಾತ್ರ. ಮನುಷ್ಯನ ಭಾರ ಹೊರುವ ಹಗ್ಗಗಳನ್ನು ಅದರಿಂದ ಜೋಡಿಸುವಂತಿಲ್ಲ.

ಬೋಲೈನ್ ಕಲಿಸುವಾಗ ಹಳ್ಳಿ ಮಕ್ಕಳ ತಿಳಿವಳಿಕೆಯನ್ನೇ ಹಿಡಿದು ಹೊರಡಿ. ದನದ ಕೊರಳಿಗೆ ಜೀರುಗುಣಿಕೆ ಹಾಕಬಾರದು, ಎಳೆದಷ್ಟೂ ಬಿಗಿಯುತ್ತದೆ ಎಂದು ಅವರಿಗೆ ಗೊತ್ತೇ ಇದೆ. ಬೋಲೈನ್ ಬಿಗಿಯದ ಕುಣಿಕೆ. ಮೂರು ಗಂಟು ಕೈಗೆ ಹತ್ತಿದರೆ ವರ್ಷಕ್ಕೆ ಸಾಕು: ರೀಫ್, ಗಳಕ್ಕೆ ಹಗ್ಗ ಬಿಗಿಯುವ ಕ್ಲೋವ್ ಹಿಚ್, ಬೋಲೈನ್. ಹನ್ನೆರಡು ಗಂಟು ತೋರಿಸಿ ಒಂದೂ ನಿಲ್ಲದ ತರಗತಿಗಳೇ ಜಾಸ್ತಿ.

ಕ್ಲೋವ್ ಹಿಚ್ ಬಂದ ಮೇಲೆ ಬಿದಿರು ಗಳ ಕಟ್ಟಿಸಿ. ಐದು ಸೆಂಟಿಮೀಟರ್ ದಪ್ಪದ ಎರಡು ಗಳವನ್ನು ಅಡ್ಡಡ್ಡ ಕಟ್ಟಲು ನಾಲ್ಕು ಮೀಟರ್ ಹಗ್ಗ ಬೇಕು. ನಿಂತ ಗಳಕ್ಕೆ, ಅಡ್ಡಗಳದ ಕೆಳಗೆ ಕ್ಲೋವ್ ಹಿಚ್ ಹಾಕಿ ಶುರು. ಎರಡೂ ಗಳವನ್ನು ಬಳಸಿ ಮೂರು ಸುತ್ತು. ಆಮೇಲೆ ಗಳಗಳ ನಡುವೆ ಹಗ್ಗವನ್ನೇ ಹಿಂಡುವಂತೆ ಎರಡು ಸುತ್ತು. ಅಡ್ಡಗಳದ ಮೇಲೆ ಕ್ಲೋವ್ ಹಿಚ್ ಹಾಕಿ ಮುಗಿತಾಯ. ಚೌಕಟ್ಟು ಅಲ್ಲಾಡುತ್ತಿದ್ದರೆ ಹಿಂಡುವ ಸುತ್ತು ಸಡಿಲ ಎಂದೇ ಅರ್ಥ. ಮಕ್ಕಳು ಎಲ್ಲ ಸುತ್ತಿ ಕೊನೆಗೆ ಒಮ್ಮೆ ಎಳೆಯುತ್ತಾರೆ. ಪ್ರತಿ ಸುತ್ತಿಗೂ ಎಳೆಯಬೇಕು. ಅಳತೆಗೆ ಟೇಪು ಹುಡುಕಬೇಡಿ. ಕೈ ಚಾಚಿದರೆ ಒಂದು ಮಾರು, ಮಾರು ಹೆಚ್ಚೂಕಡಿಮೆ ಅವರವರ ಎತ್ತರದಷ್ಟೇ. ಒಂದೂವರೆ ಮೀಟರ್ ಎತ್ತರದ ಹುಡುಗಿಗೆ ನಾಲ್ಕು ಮೀಟರ್ ಎಂದರೆ ಎರಡು ಮಾರು, ಮೇಲೆ ಮುಕ್ಕಾಲು.

ದಿಕ್ಕಿನ ಪಾಠದಲ್ಲಿ ಪುಸ್ತಕವನ್ನು ಕಣ್ಣುಮುಚ್ಚಿ ನಂಬಿದರೆ ನಮ್ಮ ಊರಲ್ಲಿ ದಾರಿ ತಪ್ಪುತ್ತದೆ. ಮಧ್ಯಾಹ್ನದ ನೆರಳು ಉತ್ತರಕ್ಕೆ ಬೀಳುತ್ತದೆ ಎಂದು ಬರೆದಿರುತ್ತದೆ. ಚಿತ್ರದುರ್ಗ ಇರುವುದು ಸುಮಾರು 14.2 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲ ಸೂರ್ಯ ನೆತ್ತಿಯಿಂದ ಉತ್ತರಕ್ಕಿರುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತದೆ. ಕೈಗಡಿಯಾರದ ಮುಳ್ಳಿನಿಂದ ದಿಕ್ಕು ಹಿಡಿಯುವ ವಿದ್ಯೆಯಂತೂ ಸೂರ್ಯ ನೆತ್ತಿಯ ಹತ್ತಿರ ಬರುವ ಈ ಸೀಮೆಗೆ ಸಲ್ಲದು. ವರ್ಷವಿಡೀ ನಂಬಬಹುದಾದದ್ದು ಕೋಲಿನ ನೆರಳು: ಒಂದು ಮೀಟರ್ ಕೋಲು ನೆಟ್ಟು ನೆರಳಿನ ತುದಿಗೆ ಕಲ್ಲಿಡಿ, ಇಪ್ಪತ್ತು ನಿಮಿಷ ಬಿಟ್ಟು ಸರಿದ ತುದಿಗೆ ಇನ್ನೊಂದು. ಮೊದಲ ಕಲ್ಲು ಪಶ್ಚಿಮ, ಎರಡನೆಯದು ಪೂರ್ವ. ಮುಂಜಾನೆ, ಸಂಜೆಗಿಂತ ನಡುಹಗಲಿನ ಆಸುಪಾಸಿನಲ್ಲಿ ಲೆಕ್ಕ ನಿಖರ. ದಿಕ್ಸೂಚಿ ಹಿಡಿದವರ ಇನ್ನೊಂದು ಕೈಯಲ್ಲಿ ಮೊಬೈಲ್ ಇರಬಾರದು. ಹೊಳಲ್ಕೆರೆ, ಹೊಸದುರ್ಗದ ಕಡೆಯ ಕಬ್ಬಿಣದ ಅದಿರಿನ ಗುಡ್ಡಗಳಲ್ಲಿ ಮುಳ್ಳು ತಾನೇ ಓಲಾಡಬಹುದು; ಹತ್ತು ಹೆಜ್ಜೆ ಸರಿದು ಮತ್ತೆ ನೋಡುವುದನ್ನು ಅಭ್ಯಾಸ ಮಾಡಿಸಿ.

ಬಂಡೆಯ ವಿಷಯ ಚುಟುಕಾಗಿ. ಹಗ್ಗ ಕಟ್ಟಿ ಹತ್ತಿಸುವುದು ತರಬೇತಿ ಪಡೆದವರ ಕೆಲಸ. ಅದಕ್ಕೆ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯಂಥ ಸಂಸ್ಥೆಗಳಿವೆ. ಸ್ವಯಂಸೇವಕರು ಕಲಿಸಬೇಕಾದದ್ದು ಇಳಿಯುವುದನ್ನು. ಹತ್ತುವಾಗ ಕೈ ಹಿಡಿಯುವ ಜಾಗ ಕಣ್ಣೆದುರಿಗಿರುತ್ತದೆ, ಇಳಿಯುವಾಗ ಕಾಲಿಡುವ ಜಾಗ ಕಾಣುವುದಿಲ್ಲ. ಚಿತ್ರದುರ್ಗದ ಕೋಟೆ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ, ಗೋಡೆ ಹತ್ತಿ ಆಡುವ ಜಾಗವಲ್ಲ. ಬಂಡೆಯ ಮೇಲೆ ನೀರು ಹರಿದ ಕಪ್ಪು ಪಟ್ಟೆ ಮಳೆಗಾಲದಲ್ಲಿ ಸಾಬೂನಿನಷ್ಟು ಜಾರುತ್ತದೆ. ಹೊರಡುವುದು ಬೆಳಕು ಚೆನ್ನಾಗಿ ಹರಿದ ಮೇಲೆ, ಏಕೆಂದರೆ ಕರಡಿ ಓಡಾಡುವುದು ನಸುಕಿನಲ್ಲಿ, ಮುಸ್ಸಂಜೆಯಲ್ಲಿ. ಹತ್ತೂವರೆಯೊಳಗೆ ಬರಿಬಂಡೆಯಿಂದ ಇಳಿದಿರಬೇಕು. ಹೆಜ್ಜೇನಿನ ಹುಟ್ಟು ಕಂಡ ಕಡೆ ಕೂಗಾಟ, ಕಲ್ಲು, ಹೊಗೆ, ಸೆಂಟು ಯಾವುದೂ ಬೇಡ. ಎದ್ದವೆಂದರೆ ಮುಖ ಮುಚ್ಚಿಕೊಂಡು ದೂರ ಓಡುವುದೊಂದೇ ದಾರಿ. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಮೂರೂ ತಪ್ಪು. ಕೈಕಾಲು ಅಲ್ಲಾಡದಂತೆ ಇಟ್ಟು ಆಸ್ಪತ್ರೆಗೆ ಒಯ್ಯಬೇಕು.

ಬೆಂಕಿಯ ಪಾಠ ಜುಲೈನಿಂದ ನವೆಂಬರ್‌ವರೆಗೆ, ಅದೂ ಶಾಲೆಯ ಮೈದಾನದಲ್ಲಿ ಮಾತ್ರ. ಹುಲ್ಲು ಒಣಗಿದ ಮೇಲೆ ಜೋಗಿಮಟ್ಟಿಯಂಥ ಅರಣ್ಯಕ್ಕೆ ಕಡ್ಡಿಪೆಟ್ಟಿಗೆ ಒಯ್ಯುವುದೇ ಬೇಡ. ಅರಣ್ಯದೊಳಗೆ ಕಾಲಿಡಲು ಇಲಾಖೆಯ ಅನುಮತಿಯೂ ಬೇಕು. ಗಾರೆ ಕೆಲಸದವರ ಕಬ್ಬಿಣದ ಬಾಂಡ್ಲಿಯಲ್ಲಿ ಉರಿ ಹೊತ್ತಿಸಿದರೆ ನೆಲ ಸುಡುವುದಿಲ್ಲ. ಸುತ್ತ ಒಂದೂವರೆ ಮೀಟರ್ ಕಸಕಡ್ಡಿ ಗುಡಿಸಿ, ಎರಡು ಬಕೆಟ್ ನೀರು ಪಕ್ಕದಲ್ಲಿಟ್ಟ ಮೇಲೆಯೇ ಕಡ್ಡಿ ಗೀರುವುದು. ಹಳ್ಳದಿಂದ ತಂದ ಹಸಿಕಲ್ಲು ಒಲೆಗೆ ಬೇಡ: ಒಳಗಿನ ನೀರು ಆವಿಯಾಗಿ ಕಲ್ಲು ಸಿಡಿಯುತ್ತದೆ. ಹಾಸುಬಂಡೆಯ ಮೇಲೂ ಉರಿ ಹಾಕಬಾರದು, ಚಕ್ಕೆ ಏಳುತ್ತದೆ. ಕಲ್ಲುಕುಟಿಗರು ಹಿಂದೆ ಬಂಡೆ ಎಬ್ಬಿಸುತ್ತಿದ್ದದ್ದೇ ಹಾಗೆ.

ಆರಿಸುವುದಕ್ಕೆ ಹೊತ್ತಿಸುವುದಕ್ಕಿಂತ ಎರಡು ಪಟ್ಟು ಸಮಯ ಕೊಡಿ. ನೀರು ಸುರಿ, ಕೋಲಿನಿಂದ ಕೆದಕು, ಮತ್ತೆ ಸುರಿ. ಬೂದಿಯ ಹತ್ತಿರ ಅಂಗೈಯ ಹಿಂಬದಿ ಒಯ್ದು ನೋಡಿ, ಬಿಸಿ ಇಲ್ಲವೆಂದ ಮೇಲೆ ಮುಟ್ಟಿ ಖಚಿತಪಡಿಸಿಕೊಳ್ಳಬೇಕು. ಮಣ್ಣು ಮುಚ್ಚಿ ಹೋದರೆ ಕೆಂಡ ಗಂಟೆಗಟ್ಟಲೆ ಒಳಗೇ ಜೀವ ಹಿಡಿದಿರುತ್ತದೆ, ಗಾಳಿ ಎದ್ದಾಗ ಹೊರಬರುತ್ತದೆ. ಬೆಟ್ಟದ ನಡಿಗೆಗೆ ಅಡುಗೆಯ ಗೊಡವೆಯೇ ಬೇಡ: ಮಂಡಕ್ಕಿಗೆ ಹುರಿದ ಶೇಂಗಾ, ಪುಟಾಣಿ, ಬೆಲ್ಲದ ಚೂರು ಕಲಸಿ ಡಬ್ಬಿಗೆ ತುಂಬಿಸಿ. ನಿಂಬೆಹಣ್ಣನ್ನು ಇಡಿಯಾಗಿ ಒಯ್ದು ತಿನ್ನುವ ಹೊತ್ತಿಗೆ ಹಿಂಡಿ. ಮನೆಯಲ್ಲೇ ಹಿಂಡಿದರೆ ಮಂಡಕ್ಕಿ ಮೆತ್ತಗಾಗಿ ಮಕ್ಕಳು ಮುಟ್ಟುವುದಿಲ್ಲ.