ಪಿತ್ತನಾಳದ ಹಳೇ ಕಾಯಿಲೆ ಮತ್ತು ಬಿಡದ ಜ್ವರ: ವಾರ್ಡಿಗೆ ಹೋಗುವ ಮುನ್ನ ಓದಬೇಕಾದ ಟಿಪ್ಪಣಿ

ನಮ್ಮ ಕಡೆ ರೋಗಿ 'ಪಿತ್ತ ಆಗೇತ್ರಿ' ಅಂದರೆ ಬಾಯಿ ಕಹಿ, ತಲೆಸುತ್ತು, ಹೊಟ್ಟೆ ತೊಳಸುವುದು ಎಂದರ್ಥ. ನಾವು ಇಲ್ಲಿ ಓದುತ್ತಿರುವುದು ಆ ಪಿತ್ತವಲ್ಲ. ಯಕೃತ್ತಿನಿಂದ ಕರುಳಿಗೆ ಪಿತ್ತರಸ ಒಯ್ಯುವ ನಾಳಗಳು ಗಾಯದ ಕಲೆಗಟ್ಟಿ, ಅಲ್ಲಲ್ಲಿ ಕಿರಿದಾಗಿ, ವರ್ಷಗಟ್ಟಲೆ ಹಾಗೇ ಉಳಿಯುವ ಕಾಯಿಲೆ. ಪ್ರೈಮರಿ ಸ್ಕ್ಲೀರೋಸಿಂಗ್ ಕೊಲಾಂಜೈಟಿಸ್ (ಪಿ.ಎಸ್.ಸಿ.) ಇದರ ಪುಸ್ತಕದ ಮಾದರಿ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ವಾರ್ಡುಗಳಲ್ಲಿ ಓದುವವರು ಅದರ ಜೊತೆಗೇ ಪಿತ್ತಕೋಶದ ಆಪರೇಷನ್ ಆದ ಮೇಲಿನ ನಾಳದ ಬಿಗಿತ, ನಾಳದೊಳಗಿನ ಕಲ್ಲು, ಕರುಳಿಗೆ ನಾಳ ಜೋಡಿಸಿದ ಜಾಗದ ಬಿಗಿತ, ಕಟ್ಟಿಕೊಂಡ ಸ್ಟೆಂಟ್ (ನಾಳ ತೆರೆದಿಡಲು ಒಳಗೆ ಹಾಕುವ ಕೊಳವೆ) ಇವನ್ನೂ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಇಂಥವರಿಗೆ ತಿಂಗಳಿಗೊಮ್ಮೆ, ಎರಡು ತಿಂಗಳಿಗೊಮ್ಮೆ ಜ್ವರ ಬರುತ್ತದೆ. ಫೈಲಿನಲ್ಲಿ 'ಕಾರಣ ತಿಳಿಯದ ಜ್ವರ' ಎಂದು ಬರೆಯಲಾಗುತ್ತದೆ. ಹಾಗೆ ಬರೆಯುವ ಮೊದಲು ಹರಿಯದೆ ನಿಂತ ಪಿತ್ತರಸ ಎಲ್ಲಾದರೂ ಇದೆಯೇ ಎಂದು ಹುಡುಕಿ ಮುಗಿಸಿರಬೇಕು.

ಜ್ವರ ಹುಟ್ಟುವ ಬಗೆ

ಪಿತ್ತರಸ ಹರಿಯುತ್ತಿರುವವರೆಗೆ ಬ್ಯಾಕ್ಟೀರಿಯಾ ತೊಳೆದುಕೊಂಡು ಹೋಗುತ್ತವೆ. ನಾಳ ಕಟ್ಟಿದರೆ ರಸ ನಿಲ್ಲುತ್ತದೆ, ಇ. ಕೋಲೈ, ಕ್ಲೆಬ್ಸಿಯೆಲ್ಲಾ, ಎಂಟರೋಕಾಕಸ್ ಅದರಲ್ಲಿ ಬೆಳೆಯುತ್ತವೆ. ನಾಳದ ಒಳಒತ್ತಡ ನೀರಿನ ಸುಮಾರು 20–25 ಸೆಂ.ಮೀ. ದಾಟಿತೆಂದರೆ ಸೋಂಕಿನ ರಸ ಹಿಮ್ಮುಖವಾಗಿ ರಕ್ತಕ್ಕೂ ದುಗ್ಧನಾಳಕ್ಕೂ ನುಗ್ಗುತ್ತದೆ. ಹಲ್ಲು ಕಟಕಟಿಸುವ ನಡುಕ ಒಮ್ಮೆಲೇ ಬರುವುದು, ಗಂಟೆಯೊಳಗೆ ಜ್ವರ 39 ಡಿಗ್ರಿ ಸೆಲ್ಸಿಯಸ್‌ಗೆ ಏರುವುದು, ಮರುದಿನ ಏನೂ ಆಗದವರಂತೆ ರೋಗಿ ಎದ್ದು ಕೂರುವುದು ಇದೇ ಕಾರಣಕ್ಕೆ. ಒತ್ತಡ ತುಸು ಇಳಿದು ರಸ ಸ್ವಲ್ಪ ಸೋರಿದರೆ ಜ್ವರ ತಾನಾಗಿ ಇಳಿಯುತ್ತದೆ. ಕಟ್ಟು ಮಾತ್ರ ಅಲ್ಲೇ ಇರುತ್ತದೆ.

ನಾವು ಎಡವುವುದು ಹೆಚ್ಚಾಗಿ ಇಲ್ಲೇ, ಆದ್ದರಿಂದ ನಿಧಾನವಾಗಿ ಓದಿ. ಆಲಮಟ್ಟಿಯ ದೊಡ್ಡ ಕಾಲುವೆಯಲ್ಲಿ ನೀರು ಧಾರಾಳ ಹರಿಯುತ್ತಿದ್ದರೂ ಒಂದು ಹೊಲಗಾಲುವೆ ಹೂಳು ತುಂಬಿ ಕೊಳೆಯುತ್ತಿರಬಹುದು. ಯಕೃತ್ತಿನಲ್ಲೂ ಹಾಗೆಯೇ. ಒಂದು ಭಾಗದ ನಾಳ ಮುಚ್ಚಿದರೂ ಉಳಿದ ಭಾಗ ಬಿಲಿರುಬಿನ್ (ಪಿತ್ತರಸದ ಹಳದಿ ಬಣ್ಣದ ವಸ್ತು) ಹೊರಹಾಕುತ್ತದೆ. ಆಗ ಕಾಮಣಿ (ಕಾಮಾಲೆ) ಬಂದು ಕಣ್ಣು ಹಳದಿಯಾಗುವುದಿಲ್ಲ, ಬಿಲಿರುಬಿನ್ 1 ಮಿ.ಗ್ರಾಂ./ಡೆ.ಲೀ. ಆಸುಪಾಸಿನಲ್ಲೇ ಇರುತ್ತದೆ, ಆದರೆ ಪಿತ್ತನಾಳ ಕಟ್ಟಿದ್ದನ್ನು ತೋರಿಸುವ ಕಿಣ್ವಗಳಾದ ಆಲ್ಕಲೈನ್ ಫಾಸ್ಫಟೇಸ್ ಮತ್ತು ಜಿ.ಜಿ.ಟಿ. ಏರುತ್ತವೆ. 'ಕಾಮಣಿ ಇಲ್ಲ, ಹಾಗಾಗಿ ಪಿತ್ತನಾಳದ್ದಲ್ಲ' ಎಂಬ ತೀರ್ಮಾನ ಇಂಥ ಕಡೆಯೇ ತಪ್ಪುತ್ತದೆ. ಸೋನೋಗ್ರಫಿಯನ್ನೂ ಪೂರ್ತಿ ನಂಬುವಂತಿಲ್ಲ: ಪಿ.ಎಸ್.ಸಿ.ಯಲ್ಲಿ ನಾಳದ ಗೋಡೆ ಗಟ್ಟಿಯಾಗಿರುವುದರಿಂದ ಕಟ್ಟಿದರೂ ಹಿಗ್ಗದಿರಬಹುದು. ಹಿಂದಿನ ಎಂ.ಆರ್.ಸಿ.ಪಿ. (ಪಿತ್ತನಾಳಗಳ ಎಂ.ಆರ್.ಐ.) ಚಿತ್ರದ ಪಕ್ಕದಲ್ಲಿ ಹೊಸದನ್ನಿಟ್ಟು ನೋಡಿದಾಗಲೇ ವ್ಯತ್ಯಾಸ ಗೊತ್ತಾಗುವುದು.

ಜ್ವರ, ಕಾಮಣಿ, ಬಲ ಪಕ್ಕೆಲುಬಿನ ಕೆಳಗೆ ನೋವು: ಫ್ರೆಂಚ್ ವೈದ್ಯ ಶಾರ್ಕೋ 1877ರಲ್ಲಿ ಹೇಳಿದ ಈ ಮೂರು ಲಕ್ಷಣ ಪರೀಕ್ಷೆಗೆ ಕೇಳುತ್ತಾರೆ, ನೆನಪಿರಲಿ. ಆದರೆ ಮೂರೂ ಕೂಡಿ ಬರದ ರೋಗಿಗಳು ಬಹಳ. ರಕ್ತದೊತ್ತಡ ಕುಸಿತ ಮತ್ತು ಮಂಪರು ಸೇರಿದರೆ ಮುಂದೆ ವೈದ್ಯ ರೆನಾಲ್ಡ್ಸ್ ಹೇಳಿದ ಐದು ಲಕ್ಷಣವಾಗುತ್ತದೆ. ಅಷ್ಟರವರೆಗೆ ಕಾಯ್ದರೆ ತಡವಾಯಿತು. ಪಿತ್ತನಾಳದ ಸೋಂಕನ್ನು ಗುರುತಿಸಲು 2018ರ ಟೋಕಿಯೊ ಮಾರ್ಗಸೂಚಿ ಮೂರು ಬುಟ್ಟಿ ಮಾಡುತ್ತದೆ: ಉರಿಯೂತದ ಗುರುತು (38 ಡಿಗ್ರಿಗಿಂತ ಹೆಚ್ಚು ಜ್ವರ ಅಥವಾ ನಡುಕ, ಬಿಳಿ ರಕ್ತಕಣ 4,000ಕ್ಕಿಂತ ಕಡಿಮೆ ಇಲ್ಲವೇ 10,000ಕ್ಕಿಂತ ಹೆಚ್ಚು, ರಕ್ತದಲ್ಲಿ ಉರಿಯೂತ ತೋರಿಸುವ ಸಿ.ಆರ್.ಪಿ. ಏರಿಕೆ), ಪಿತ್ತ ನಿಂತ ಗುರುತು (ಬಿಲಿರುಬಿನ್ 2 ಅಥವಾ ಹೆಚ್ಚು, ಇಲ್ಲವೇ ಯಕೃತ್ತಿನ ಕಿಣ್ವಗಳು ಮಿತಿಯ ಒಂದೂವರೆ ಪಟ್ಟು ಮೀರಿರುವುದು), ಚಿತ್ರದಲ್ಲಿ ಕಾಣುವ ಗುರುತು. ಮೂರರಿಂದಲೂ ಒಂದೊಂದು ಸಿಕ್ಕರೆ ನಿರ್ಣಯ ಖಚಿತ. ಹಳೇ ನಾಳದ ಕಾಯಿಲೆ ಇದ್ದವರಲ್ಲಿ ಕಿಣ್ವಗಳು ಯಾವಾಗಲೂ ಏರಿಯೇ ಇರುತ್ತವೆ. ಅವರ ಮಾಮೂಲಿ ಅಂಕಿ ಎಷ್ಟೆಂದು ತಿಳಿಯದೆ ಈ ಲೆಕ್ಕ ಹಾಕಬೇಡಿ.

ಮನೆಯಲ್ಲಿ ಬರೆಯುವ ಜ್ವರದ ವಹಿ

ಒಂದು 40 ಪುಟದ ನೋಟ್‌ಬುಕ್ ಸಾಕು. ದಿನಕ್ಕೆ ನಾಲ್ಕು ಸಲ, ಜೊತೆಗೆ ನಡುಕ ಬಂದಾಗ ಮತ್ತು ಅದಾಗಿ ಒಂದು ಗಂಟೆಗೆ ಅಳೆಯಬೇಕು. ಡಿಜಿಟಲ್ ಥರ್ಮಾಮೀಟರ್ ಬಾಯಲ್ಲಿಟ್ಟರೆ ಪ್ರತಿಸಲವೂ ಬಾಯಲ್ಲೇ, ಕಂಕುಳಲ್ಲಿಟ್ಟರೆ ಕಂಕುಳಲ್ಲೇ; ಕಂಕುಳಿನದು ಸುಮಾರು ಅರ್ಧ ಡಿಗ್ರಿ ಸೆಲ್ಸಿಯಸ್ ಕಡಿಮೆ ತೋರಿಸುತ್ತದೆ. ಬಿಸಿ ಚಾ ಕುಡಿದಿದ್ದರೆ, ಏಪ್ರಿಲ್–ಮೇ ಬಿಸಿಲಲ್ಲಿ ನಡೆದು ಬಂದಿದ್ದರೆ, ಅರ್ಧ ಗಂಟೆ ನೆರಳಲ್ಲಿ ಕೂತು ಅಳೆಯಲಿ. 38 ಡಿಗ್ರಿ ಸೆಲ್ಸಿಯಸ್ ಅಂದರೆ 100.4 ಫ್ಯಾರನ್‌ಹೀಟ್, ನಮ್ಮ ಜನ ಫ್ಯಾರನ್‌ಹೀಟ್‌ನಲ್ಲೇ ಹೇಳುತ್ತಾರೆ, ವಹಿಯಲ್ಲಿ ಯಾವುದೆಂದು ಬರೆಸಿ. ಮೂತ್ರದ ಬಣ್ಣ, ಮಲದ ಬಣ್ಣ, ತುರಿಕೆ, ತೂಕಕ್ಕೆ ಒಂದೊಂದು ಸಾಲು. 'ಕಾಕಾ, ಮೂತ್ರ ಚಾದ ಡಿಕಾಕ್ಷನ್ ಹಂಗ ಹೊಂಟೈತೇನ್ರಿ? ಸಂಡಾಸ ಬಿಳಿ ಮಣ್ಣಿನಂಗ ಆಗೈತೇನ್ರಿ?' ಎಂದು ಬಿಡಿಸಿ ಕೇಳಿದರೆ ಉತ್ತರ ಸಿಗುತ್ತದೆ. 'ಕಾಮಣಿ ಐತೇನ್ರಿ?' ಎಂದು ಕೇಳಿದರೆ 'ಇಲ್ಲ' ಅನ್ನುತ್ತಾರೆ.

ಗುಳಿಗೆ ತೆಗೆದುಕೊಳ್ಳುವ ಮೊದಲು ಅಳೆಯಬೇಕು. ಯಕೃತ್ತಿನ ಹಳೇ ಕಾಯಿಲೆಯಲ್ಲಿ ಪ್ಯಾರಾಸಿಟಮಾಲ್ ದಿನಕ್ಕೆ 2 ಗ್ರಾಂ ಮೀರಬಾರದೆಂಬುದು ಸಾಮಾನ್ಯ ಮಿತಿ, 500 ಮಿ.ಗ್ರಾಂ.ನ ನಾಲ್ಕು ಗುಳಿಗೆ. ನೆಗಡಿಯ ಗುಳಿಗೆಗಳಲ್ಲೂ ಅದೇ ಔಷಧ ಸೇರಿರುವುದನ್ನು ಲೆಕ್ಕಕ್ಕೆ ಹಿಡಿಯಲು ಮನೆಯವರಿಗೆ ಹೇಳಿಕೊಡಿ. ಊರಲ್ಲಿ ಕೇಳಿ ಹಾಕಿಸಿಕೊಳ್ಳುವ ಡೈಕ್ಲೋಫೆನಾಕ್ ಸೂಜಿ, ಯಕೃತ್ತು ಕಲೆಗಟ್ಟಿ ಸುರುಟುವ ಸಿರೋಸಿಸ್‌ಗೆ ತಿರುಗಿದವರ ಮೂತ್ರಪಿಂಡ ಕೆಡಿಸಬಲ್ಲದು, ರಕ್ತಸ್ರಾವ ತರಬಲ್ಲದು. ಸ್ಟೀರಾಯ್ಡ್ ಸೂಜಿ ಜ್ವರವನ್ನು ಮುಚ್ಚಿಡುತ್ತದೆ, ಸೋಂಕು ಒಳಗೇ ಬೆಳೆಯುತ್ತದೆ.

ಆಸ್ಪತ್ರೆಯಲ್ಲಿ ಮೊದಲ ಗಂಟೆ

ರಕ್ತದ ಕಲ್ಚರ್ (ಕೀಟಾಣು ಬೆಳೆಸಿ ನೋಡುವ ಪರೀಕ್ಷೆ) ಆಂಟಿಬಯಾಟಿಕ್‌ಗಿಂತ ಮೊದಲು. ಬೇರೆ ಬೇರೆ ಎರಡು ಜಾಗದಿಂದ ಎರಡು ಸೆಟ್, ದೊಡ್ಡವರಿಗೆ ಪ್ರತಿ ಬಾಟಲಿಗೆ 8–10 ಮಿ.ಲೀ. ಎರಡು ಮಿ.ಲೀ. ಹಾಕಿ ಕಳಿಸಿದ ಬಾಟಲಿಯಲ್ಲಿ ಏನೂ ಬೆಳೆಯಲಿಲ್ಲವೆಂದರೆ ಅದಕ್ಕೆ ಅರ್ಥವಿಲ್ಲ. ಚರ್ಮಕ್ಕೆ ಹಚ್ಚಿದ ಕ್ಲೋರ್‌ಹೆಕ್ಸಿಡಿನ್ ಒಣಗಲು ಬಿಡಿ, ಬಾಟಲಿಯನ್ನು ಫ್ರಿಜ್ಜಿನಲ್ಲಿಡಬೇಡಿ. ನಡುಕ ಶುರುವಾದ ಹೊತ್ತೇ ರಕ್ತ ತೆಗೆಯಲು ಒಳ್ಳೆಯದು. ರೋಗಿಯ ಬಿ.ಪಿ. ಕುಸಿದಿದ್ದರೆ ಕಲ್ಚರ್‌ಗಾಗಿ ಕಾಯಬಾರದು, ಮೊದಲ ಗಂಟೆಯೊಳಗೆ ಆಂಟಿಬಯಾಟಿಕ್ ಹೋಗಬೇಕು. ಐ.ಎನ್.ಆರ್. (ರಕ್ತ ಹೆಪ್ಪುಗಟ್ಟುವ ವೇಗದ ಪರೀಕ್ಷೆ) ನೋಡಿ: ಪಿತ್ತ ಕರುಳಿಗೆ ಇಳಿಯದಿದ್ದರೆ ವಿಟಮಿನ್ ಕೆ ಹೀರಿಕೊಳ್ಳುವುದಿಲ್ಲ, ರಕ್ತ ಹೆಪ್ಪುಗಟ್ಟುವುದು ತಡವಾಗುತ್ತದೆ, ಇ.ಆರ್.ಸಿ.ಪಿ. (ಬಾಯಿಯಿಂದ ಎಂಡೋಸ್ಕೋಪ್ ಇಳಿಸಿ ಪಿತ್ತನಾಳ ತೆರೆಯುವ ವಿಧಾನ) ಮಾಡುವವರಿಗೆ ಇದು ಮೊದಲೇ ತಿಳಿದಿರಬೇಕು.

48–72 ಗಂಟೆ ಕಳೆದರೂ ಜ್ವರ ಬಗ್ಗದಿದ್ದರೆ ಬರೀ ಇನ್ನೂ ದೊಡ್ಡ ಆಂಟಿಬಯಾಟಿಕ್‌ಗೆ ಜಿಗಿಯುವುದನ್ನು ಒಪ್ಪಲಾಗದು. ಕಟ್ಟಿದ ನಾಳದೊಳಗೆ ಔಷಧ ಸರಿಯಾಗಿ ಇಳಿಯುವುದೇ ಇಲ್ಲ. ರಸ ಹೊರಹೋಗಲು ದಾರಿ ಮಾಡಬೇಕು: ಇ.ಆರ್.ಸಿ.ಪಿ.ಯಿಂದ, ಅದು ತಲುಪದಿದ್ದರೆ ಚರ್ಮದ ಮೂಲಕ ಯಕೃತ್ತಿಗೆ ಕೊಳವೆ ಇಳಿಸಿ. ದಾರಿಯಾದ ಮೇಲೆ ಸಾಮಾನ್ಯವಾಗಿ 4–7 ದಿನದ ಆಂಟಿಬಯಾಟಿಕ್ ಸಾಕಾಗುತ್ತದೆ. ರಕ್ತದಲ್ಲಿ ಎಂಟರೋಕಾಕಸ್‌ನಂಥವು ಸಿಕ್ಕರೆ ಎರಡು ವಾರವಾದರೂ ಬೇಕು, ಸೋಂಕು ಹೃದಯದ ಕವಾಟಕ್ಕೆ ತಗುಲಿದೆಯೇ ಎಂದೂ ನೋಡಬೇಕು. ಯಕೃತ್ತಿನ ಕೀವುಗಡ್ಡೆಗೆ ಸಿ.ಟಿ. ಮಾಡಿಸಿ. ಪ್ಲಾಸ್ಟಿಕ್ ಸ್ಟೆಂಟ್ ಸುಮಾರು ಮೂರು ತಿಂಗಳಲ್ಲಿ ಕಟ್ಟುತ್ತದೆ. ಕಬ್ಬಿನ ಹಂಗಾಮಿನಲ್ಲಿ ಗ್ಯಾಂಗ್ ಜೊತೆ ಹೋದ ಕೂಲಿಯವರು ಬದಲಿಸುವ ದಿನ ತಪ್ಪಿಸಿಕೊಳ್ಳುವುದು ಸಹಜ, ಬೈಯಬೇಡಿ, ಮುಂದಿನ ದಿನಾಂಕ ಬರೆದುಕೊಡಿ.

ನಾಳದ್ದಲ್ಲದ ಜ್ವರವೂ ಇವರಿಗೆ ಬರುತ್ತದೆ. ಒಂದೇ ವಿಡಾಲ್ ಪರೀಕ್ಷೆ ಪಾಸಿಟಿವ್ ಬಂತೆಂದು ಟೈಫಾಯ್ಡ್ ಹಣೆಪಟ್ಟಿ ಹಚ್ಚಬೇಡಿ. ಯಕೃತ್ತಿನ ಹಳೇ ಕಾಯಿಲೆಯಲ್ಲಿ ಅದು ಸುಳ್ಳು ಪಾಸಿಟಿವ್ ಆಗುವುದುಂಟು. ಕುರಿ–ಆಡು ಸಾಕುವವರಿಗೆ, ಹಸಿ ಹಾಲು ಕುಡಿಯುವವರಿಗೆ ಬ್ರುಸೆಲ್ಲಾ (ಸಾಕುಪ್ರಾಣಿಗಳಿಂದ ಬರುವ ಬ್ಯಾಕ್ಟೀರಿಯಾ ಸೋಂಕು) ನೆನಪಿಸಿಕೊಳ್ಳಿ, ಲ್ಯಾಬಿಗೂ ತಿಳಿಸಿ. ಕ್ಷಯ, ಮಲೇರಿಯಾ, ಮೂತ್ರದ ಸೋಂಕು, ಪಿ.ಎಸ್.ಸಿ. ಜೊತೆಗಿರುವ ದೊಡ್ಡ ಕರುಳಿನ ಹುಣ್ಣು ಕೆರಳುವುದು ಪಟ್ಟಿಯಲ್ಲಿರಲಿ. ಔಷಧವೇ ಜ್ವರ ತರಬಹುದು. ಅಮಾಕ್ಸಿಸಿಲಿನ್–ಕ್ಲಾವುಲನೇಟ್ ಪಿತ್ತ ಹರಿವನ್ನು ಕುಂದಿಸಬಲ್ಲದು, ಸೆಫ್ಟ್ರಿಯಾಕ್ಸೋನ್ ಪಿತ್ತಕೋಶದಲ್ಲಿ ಗಸಿ ಕಟ್ಟಿಸಬಲ್ಲದು. ತೂಕ ಇಳಿಯುತ್ತ ಕಾಮಣಿ ಏರುತ್ತಿದ್ದರೆ ನಾಳದ ಕ್ಯಾನ್ಸರ್ ಹುಡುಕಬೇಕು, ಅದರ ಸುಳಿವು ಕೊಡುವ ರಕ್ತಪರೀಕ್ಷೆ ಸಿ.ಎ. 19-9 ಸೋಂಕಿನಲ್ಲೂ ಏರುವುದರಿಂದ ಜ್ವರ ಇಳಿದ ಮೇಲೆ ಮತ್ತೆ ನೋಡಿ.

ಮಾತು ತೊದಲಿದರೆ, ಮೇಲಿನ ಬಿ.ಪಿ. 90ಕ್ಕಿಂತ ಇಳಿದರೆ, ಮೂತ್ರ ಕಡಿಮೆಯಾದರೆ ವಹಿ ಬರೆಯುತ್ತ ಕೂರುವ ಹೊತ್ತಲ್ಲ, 108ಕ್ಕೆ ಕರೆ ಮಾಡಬೇಕು. ಇಂಡಿ, ಜಮಖಂಡಿ, ಅಥಣಿಯಂಥ ಊರಿನಿಂದ ಹೊರಡುವವರು ರಾತ್ರಿ ಮತ್ತು ರವಿವಾರ ಇ.ಆರ್.ಸಿ.ಪಿ. ಎಲ್ಲಿ ಸಿಗುತ್ತದೆಂದು ಆರಾಮಿದ್ದಾಗಲೇ ಕೇಳಿಟ್ಟುಕೊಂಡಿರಬೇಕು. ಫೈಲಿನ ಮೇಲ್ಪುಟದಲ್ಲಿ ನಾಳದ ಕಾಯಿಲೆಯ ಹೆಸರು, ಮಾಮೂಲಿ ಬಿಲಿರುಬಿನ್ ಮತ್ತು ಫಾಸ್ಫಟೇಸ್, ಹಿಂದಿನ ಕಲ್ಚರ್‌ನಲ್ಲಿ ಬೆಳೆದ ಕೀಟಾಣು ಮತ್ತು ಅದಕ್ಕೆ ನಾಟದ ಔಷಧ, ಒಗ್ಗದ ಔಷಧ ಇರಲಿ. ಎಲ್ಲಕ್ಕಿಂತ ಮೇಲೆ, ಕೆಂಪು ಶಾಯಿಯಲ್ಲಿ, ಸ್ಟೆಂಟ್ ಹಾಕಿದ ದಿನಾಂಕ.